ಭಾಗ್ಯಲಕ್ಷ್ಮಿ ಬಾಂಡ್ ಹಣ ಬರೋ ಹೊತ್ತಿಗೆ ಹುಡುಗಿ ಎಲ್ಲಿರ್ತಾಳೆ?

ಗುಂಡ್ಲುಪೇಟೆ ತಾಲ್ಲೂಕಿನ ನಮ್ಮ ಭೀಮನಬೀಡಿನ ಕಡೆ, 17–18 ವರ್ಷದ ಹುಡುಗಿ ಇರೋ ಮನೆಗಳಲ್ಲಿ ಈಗ ಒಂದು ಮಾತು ಆಗಾಗ ಕೇಳಿಬರುತ್ತೆ: "ಬಾಂಡ್ ದುಡ್ಡು ಯಾವಾಗ ಬರ್ತದೆ?" ಅದು ಭಾಗ್ಯಲಕ್ಷ್ಮಿ ಬಾಂಡ್. ಟ್ರಂಕಿನೊಳಗೆ, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹದಿನೆಂಟು ವರ್ಷ ಕಾಪಾಡಿಕೊಂಡು ಬಂದ ಕಾಗದ. ಯೋಜನೆಯ ಮೊದಲ ತಂಡದ ಹುಡುಗಿಯರಿಗೆ 2024ರಲ್ಲಿ 18 ತುಂಬಿತು. ಅಲ್ಲಿಂದ ಪ್ರತಿ ತಿಂಗಳೂ ಹೊಸಬರು ಸೇರ್ತಾ ಇದ್ದಾರೆ.

ಹಣ ಯಾವಾಗ ಬರುತ್ತೆ, ಎಷ್ಟು ಬರುತ್ತೆ ಅಂತ ಎಲ್ಲರೂ ಕೇಳ್ತಾರೆ. ನನಗೆ ಅದರ ಪಕ್ಕದಲ್ಲೇ ಇರೋ ಇನ್ನೊಂದು ಪ್ರಶ್ನೆ ಕಾಡುತ್ತೆ. ಈ ಹಣ ಇದೆ ಅನ್ನೋ ಕಾರಣಕ್ಕೆ ಒಬ್ಬ ಹುಡುಗಿ ಶಾಲೆಯಲ್ಲಿ ಒಂದು ವರ್ಷ ಹೆಚ್ಚು ಉಳಿದಳಾ? ಒಂದು ಮದುವೆ ಮುಂದಕ್ಕೆ ಹೋಯ್ತಾ? ಇದನ್ನ ಹೇಗೆ ತಿಳಿಯೋದು?

ಯೋಜನೆಯ ಲೆಕ್ಕ ಏನು?

ಭಾಗ್ಯಲಕ್ಷ್ಮಿ ಶುರುವಾಗಿದ್ದು 2006–07ರಲ್ಲಿ. 2006ರ ಮಾರ್ಚ್ 31ರ ನಂತರ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ, ಒಂದು ಮನೆಯಲ್ಲಿ ಇಬ್ಬರವರೆಗೆ. ಮೊದಲು ಮಗುವಿನ ಹೆಸರಲ್ಲಿ ಸರ್ಕಾರ 10,000 ರೂಪಾಯಿ ಠೇವಣಿ ಇಡ್ತಿತ್ತು. 18 ತುಂಬಿದಾಗ ಮೊದಲ ಮಗುವಿಗೆ 34,751 ರೂಪಾಯಿ. ಜೊತೆಗೆ 1ರಿಂದ 10ನೇ ತರಗತಿವರೆಗೆ ವರ್ಷಕ್ಕೆ 300ರಿಂದ 1,000 ರೂಪಾಯಿ ವಿದ್ಯಾರ್ಥಿವೇತನ. 2008ರ ಆಗಸ್ಟ್ 1ರ ನಂತರ ಹುಟ್ಟಿದವರಿಗೆ ಲೆಕ್ಕ ಬದಲಾಯ್ತು. ಮೊದಲ ಮಗುವಿಗೆ ಠೇವಣಿ 19,300, ಕೊನೆಗೆ ಸಿಗೋದು 1,00,097 ರೂಪಾಯಿ. ವಾರ್ಷಿಕ ವಿದ್ಯಾರ್ಥಿವೇತನ ಇಲ್ಲ, ಎಲ್ಲಾ ಹಣ ಕೊನೆಯಲ್ಲಿ ಒಂದೇ ಸಲ. ಠೇವಣಿ ನಿರ್ವಹಣೆ ಎಲ್‌ಐಸಿಯದು. 2020–21ರಿಂದ ಯೋಜನೆ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ಬದಲಾಗಿ, ವರ್ಷಕ್ಕೆ 3,000 ರೂಪಾಯಿಯಂತೆ 15 ವರ್ಷ ಕಟ್ಟೋ ವ್ಯವಸ್ಥೆ ಬಂತು.

ಷರತ್ತುಗಳು ಸರಳ. ಮಗುವಿಗೆ ಲಸಿಕೆ ಹಾಕಿಸಿರಬೇಕು, ಬಾಲಕಾರ್ಮಿಕಳಾಗಿರಬಾರದು, ಕನಿಷ್ಠ 8ನೇ ತರಗತಿ ಓದಿರಬೇಕು, 18ರವರೆಗೆ ಮದುವೆ ಆಗಿರಬಾರದು.

ಈ "8ನೇ ತರಗತಿ" ಅನ್ನೋ ಸಂಖ್ಯೆ ಗಮನಿಸಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 14 ವರ್ಷದವರೆಗೆ ಓದು ಉಚಿತ, ಕಡ್ಡಾಯ. ಅಂದ್ರೆ ಸುಮಾರು 8ನೇ ತರಗತಿವರೆಗೆ. ಊರಲ್ಲೋ ಪಕ್ಕದ ಊರಲ್ಲೋ ಶಾಲೆ ಇರುತ್ತೆ, ಬಿಸಿಯೂಟ ಇರುತ್ತೆ. ಹುಡುಗಿ ಜಾರಿಹೋಗೋದು ಸಾಮಾನ್ಯವಾಗಿ ಅದರ ನಂತರ: ಹೈಸ್ಕೂಲಲ್ಲಿ, ಎಸ್‌ಎಸ್‌ಎಲ್‌ಸಿ ಆದ ಬೇಸಿಗೆಯಲ್ಲಿ, ಪಿಯುಸಿಗೆ ಪಟ್ಟಣಕ್ಕೆ ಹೋಗಬೇಕಾದಾಗ. ನಮ್ಮ ಸೀಮೆಯಲ್ಲಿ ಚೆಂಡುಹೂವು, ಅರಿಶಿಣ, ಸಣ್ಣ ಈರುಳ್ಳಿ ಕೆಲಸಕ್ಕೆ ಒಂದು ಜೊತೆ ಕೈ ಬೇಕು ಅನ್ನಿಸೋದೂ ಆ ವಯಸ್ಸಿನಲ್ಲೇ. ಷರತ್ತು 8ಕ್ಕೆ ಮುಗಿಯುತ್ತೆ, ಹಣ 18ಕ್ಕೆ ಬರುತ್ತೆ. ನಡುವಿನ ನಾಲ್ಕೈದು ವರ್ಷ, ಅಂದ್ರೆ ನಿಜವಾದ ನಿರ್ಧಾರ ಆಗೋ ವರ್ಷಗಳಲ್ಲಿ, ಓದಿನ ಬಗ್ಗೆ ಬಾಂಡ್ ಏನೂ ಕೇಳೋದಿಲ್ಲ.

"ಕೆಲಸ ಮಾಡ್ತು" ಅಂತ ಹೇಗೆ ಹೇಳೋದು?

ಸಾಫ್ಟ್‌ವೇರ್ ಕಂಪನಿಗಳಲ್ಲಿ ನಾವು ಒಂದು ಬಟನ್ನಿನ ಬಣ್ಣ ಬದಲಾಯಿಸೋಕೂ ಎ/ಬಿ ಟೆಸ್ಟ್ ಮಾಡ್ತೀವಿ. ಅರ್ಧ ಜನಕ್ಕೆ ಹಳೇ ಬಣ್ಣ, ಅರ್ಧ ಜನಕ್ಕೆ ಹೊಸದು, ಆಮೇಲೆ ಕ್ಲಿಕ್ ಎಣಿಸ್ತೀವಿ. ಹೊಸ ಬಣ್ಣ ಹಾಕಿದ ಮೇಲೆ ಕ್ಲಿಕ್ ಜಾಸ್ತಿ ಆಯ್ತು ಅಂತ ಮಾತ್ರ ಹೇಳಿದ್ರೆ ಮ್ಯಾನೇಜರ್ ನಂಬಲ್ಲ. ಅವತ್ತು ಹಬ್ಬದ ಸೇಲ್ ಇದ್ದಿರಬಹುದಲ್ಲ?

ಯೋಜನೆಗಳ ವಿಷಯದಲ್ಲೂ ತೊಂದರೆ ಇದೇ. ಕಳೆದ ಇಪ್ಪತ್ತು ವರ್ಷದಲ್ಲಿ ಹುಡುಗಿಯರು ಹೆಚ್ಚು ಓದ್ತಿದ್ದಾರೆ. ಆದ್ರೆ ಅದೇ ಕಾಲದಲ್ಲಿ ರಸ್ತೆ ಬಂತು, ಮೊಬೈಲ್ ಬಂತು, ಹಾಸ್ಟೆಲ್ ಬಂತು, ಓದಿದ ತಾಯಂದಿರು ಬಂದರು. ಇದರಲ್ಲಿ ಬಾಂಡಿನ ಪಾಲೆಷ್ಟು?

ಇನ್ನೊಂದು ಕಡೆಯಿಂದ ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 20–24 ವಯಸ್ಸಿನ ಮಹಿಳೆಯರಲ್ಲಿ 100ಕ್ಕೆ ಸುಮಾರು 21 ಜನಕ್ಕೆ 18 ತುಂಬೋ ಮೊದಲೇ ಮದುವೆ ಆಗಿತ್ತು. ಅದಕ್ಕೂ ಹಿಂದಿನ 2015–16ರ ಸಮೀಕ್ಷೆಯಲ್ಲೂ ಸುಮಾರು 21. "ನೋಡಿ, ಭಾಗ್ಯಲಕ್ಷ್ಮಿಯಿಂದ ಏನೂ ಆಗಲಿಲ್ಲ" ಅಂತ ಯಾರಾದರೂ ಇದನ್ನ ತೋರಿಸಿದರೆ ಅದೂ ತಪ್ಪು ಲೆಕ್ಕ. ಆ ಸಮೀಕ್ಷೆಯ 20–24ರ ಮಹಿಳೆಯರು ಹುಟ್ಟಿದ್ದು 2001ಕ್ಕೆ ಮೊದಲು ಅಥವಾ ಅದರ ಆಸುಪಾಸು. ಅವರಿಗೆ ಬಾಂಡೇ ಇರಲಿಲ್ಲ. ಬಾಂಡ್ ಇರೋ ಮೊದಲ ಹುಡುಗಿಯರಿಗೆ 20 ತುಂಬೋದೇ 2026ರಲ್ಲಿ.

ಹೋಲಿಕೆಗೆ ಇನ್ನೊಂದು ಗುಂಪು ಬೇಕು. ಅಂಥ ಹೋಲಿಕೆ ನಡೆದ ಒಂದೆರಡು ಕಡೆ ಹೋಗಿ ಬರೋಣ.

ಹರಿಯಾಣದ ಅಕ್ಕ

ಭಾಗ್ಯಲಕ್ಷ್ಮಿಗೆ ಒಬ್ಬಳು ಅಕ್ಕ ಇದ್ದಾಳೆ. 1994ರ ಅಕ್ಟೋಬರ್ 2ರಂದು ಹರಿಯಾಣದಲ್ಲಿ ಶುರುವಾದ "ಅಪ್ನಿ ಬೇಟಿ ಅಪ್ನಾ ಧನ್". ಹೆರಿಗೆಯಾದ ಕೂಡಲೇ ತಾಯಿಗೆ 500 ರೂಪಾಯಿ, ಮಗುವಿನ ಹೆಸರಲ್ಲಿ 2,500 ರೂಪಾಯಿಯ ಬಾಂಡ್, 18 ತುಂಬಿದಾಗ ಮದುವೆಯಾಗಿರದಿದ್ದರೆ 25,000 ರೂಪಾಯಿ. ವಿನ್ಯಾಸ ಹೆಚ್ಚುಕಮ್ಮಿ ನಮ್ಮದೇ.

ಅಲ್ಲಿನ ಮೊದಲ ಹುಡುಗಿಯರಿಗೆ 2012ರಲ್ಲಿ 18 ತುಂಬಿತು. ಮಹಿಳೆಯರ ಕುರಿತ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರದವರು ಬಾಂಡ್ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿ ನೋಡಿದರು. ಬಾಂಡ್ ಇದ್ದವರ ಓದು ಸ್ವಲ್ಪ ಮುಂದಿತ್ತು. 8ನೇ ತರಗತಿ ಮುಗಿಸೋ ಸಾಧ್ಯತೆ ಹೆಚ್ಚಿತ್ತು. ಆದ್ರೆ 18ರ ಒಳಗಿನ ಮದುವೆ ಕಮ್ಮಿ ಆಗಿರಲಿಲ್ಲ. ಮದುವೆ ಆದವರನ್ನ ನೋಡಿದರೆ, 18 ತುಂಬಿದ ಕೂಡಲೇ ಆಗಿದ್ದವರು ಬಾಂಡ್ ಇದ್ದವರಲ್ಲೇ ಹೆಚ್ಚು. ಎಷ್ಟೋ ಮನೆಗಳಿಗೆ ಅದು ಓದಿನ ಹಣವಾಗಿ ಕಂಡಿರಲಿಲ್ಲ. ಮಗಳ ಮದುವೆಗೆ ಸರ್ಕಾರ ಕೂಡಿಟ್ಟ ಹಣವಾಗಿ ಕಂಡಿತ್ತು.

ಇದರಲ್ಲಿ ಅಪ್ಪ ಅಮ್ಮಂದಿರನ್ನ ಬೈಯೋಕೆ ಏನಿಲ್ಲ. "18 ತುಂಬಲಿ, ಮದುವೆ ಆಗದೇ ಇರಲಿ, ಆಗ ಕೊಡ್ತೀವಿ" ಅಂದ್ರೆ ಯಾರಿಗಾದರೂ ಕೇಳಿಸೋದು ಹೇಗೆ? 18ಕ್ಕೆ ಮದುವೆ ಅಂತಲೇ. ನಮ್ಮ ಕಡೆಯೂ ಬಾಂಡ್ ಮಾತು ಬಂದಾಗ "ಅವಳ ಮದ್ವೆ ಖರ್ಚಿಗೆ ಆಯ್ತದೆ ಬುಡು" ಅನ್ನೋ ಮಾತು ಸಲೀಸಾಗಿ ಬರುತ್ತೆ. ಹಣಕ್ಕೆ ನಾವು ಯಾವ ಹೆಸರು ಅಂಟಿಸ್ತೀವೋ ಅದು ಆ ಕಡೆಗೇ ಹರಿಯುತ್ತೆ.

ಇದನ್ನ ಮೊರಾಕ್ಕೊ ದೇಶದಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅರ್ಥಶಾಸ್ತ್ರದ ನೊಬೆಲ್ ಪಡೆದ ಎಸ್ತರ್ ಡುಫ್ಲೋ ಆ ತಂಡದಲ್ಲಿದ್ದರು. ಕೆಲವು ಕಡೆ ಹಾಜರಾತಿ ಷರತ್ತು ಹಾಕಿ ಹಣ ಕೊಟ್ಟರು. ಕೆಲವು ಕಡೆ ಷರತ್ತಿಲ್ಲದೆ, "ಇದು ಮಕ್ಕಳ ಓದಿಗೆ" ಅಂತ ಹೇಳಿ, ಶಾಲೆಯ ಮೂಲಕವೇ ನೋಂದಣಿ ಮಾಡಿಸಿ ಕೊಟ್ಟರು. ಎರಡೂ ಕಡೆ ಶಾಲೆ ಬಿಡೋದು ಇಳಿಯಿತು. ಷರತ್ತು ಸೇರಿಸಿದ್ದಕ್ಕೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. "ಓದಿಗೆ" ಅನ್ನೋ ಹೆಸರೇ ಅಷ್ಟು ಕೆಲಸ ಮಾಡಿತ್ತು.

ಅದೇ ದುಡ್ಡು, ಬೇರೆ ತಿಂಗಳು

ಹೆಣ್ಣುಮಕ್ಕಳ ಓದಿಗೆ ನಗದು ಕೊಡೋ ಯೋಜನೆಗಳಲ್ಲಿ ತುಂಬ ಹೆಸರಾಗಿದ್ದು ಮೆಕ್ಸಿಕೋದ ಪ್ರೊಗ್ರೆಸಾ. 1997ರಲ್ಲಿ ಶುರುವಾಯ್ತು. ಎಲ್ಲಾ ಹಳ್ಳಿಗಳಿಗೂ ಒಟ್ಟಿಗೇ ಕೊಡೋಕೆ ಆಗೋದಿಲ್ಲ ಅಂದಾಗ, ಪರೀಕ್ಷೆಗೆ ಆರಿಸಿದ 506 ಹಳ್ಳಿಗಳಲ್ಲಿ ಚೀಟಿ ಎತ್ತಿದ ಹಾಗೆ 320ಕ್ಕೆ ಮೊದಲು, 186ಕ್ಕೆ ಆಮೇಲೆ ಅಂತ ಹಂಚಿದರು. ಕಾಯೋ ಹಳ್ಳಿಗಳೇ ಹೋಲಿಕೆಯ ಗುಂಪಾದವು. ಯೋಜನೆಯ ಜಾಣತನ ಹಣದ ಹಂಚಿಕೆಯಲ್ಲಿತ್ತು. ತರಗತಿ ಏರಿದ ಹಾಗೆ ಹಣವೂ ಏರುತ್ತಿತ್ತು, ಹೈಸ್ಕೂಲ್ ಮಟ್ಟದಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು ಕೊಡ್ತಿದ್ದರು. ಪ್ರೈಮರಿ ಮುಗಿಸಿ ಮುಂದಿನ ಹಂತಕ್ಕೆ ದಾಟೋ ಜಾಗದಲ್ಲೇ ದೊಡ್ಡ ಬದಲಾವಣೆ ಕಂಡಿತು, ಅದೂ ಹುಡುಗಿಯರಲ್ಲಿ ಹೆಚ್ಚು.

ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ 2005ರಲ್ಲಿ ಶುರುವಾದ ಪ್ರಯೋಗ ಇನ್ನೂ ಸ್ವಾರಸ್ಯವಾಗಿದೆ. ಒಂದು ಗುಂಪಿನ ಮಕ್ಕಳಿಗೆ ಹಾಜರಾತಿ ನೋಡಿ ಪೂರ್ತಿ ಹಣ ಆಗಿಂದಾಗಲೇ ಕೊಟ್ಟರು. ಇನ್ನೊಂದು ಗುಂಪಿಗೆ ಸ್ವಲ್ಪ ಕಮ್ಮಿ ಕೊಟ್ಟು, ಉಳಿದದ್ದನ್ನ ಕೂಡಿಟ್ಟು, ಮುಂದಿನ ತರಗತಿಗೆ ಸೇರೋ ಸಮಯದಲ್ಲಿ ಒಟ್ಟಿಗೆ ಕೊಟ್ಟರು. ಎರಡೂ ಗುಂಪಲ್ಲಿ ಹಾಜರಾತಿ ಹೆಚ್ಚಾಯ್ತು. ಆದ್ರೆ ಮುಂದಿನ ವರ್ಷಕ್ಕೆ ಮತ್ತೆ ಸೇರಿಕೊಳ್ಳೋದರಲ್ಲಿ ಎರಡನೇ ಗುಂಪೇ ಮುಂದೆ ಬಂತು. ಖರ್ಚಾದ ಹಣ ಹೆಚ್ಚುಕಮ್ಮಿ ಅಷ್ಟೇ, ಕೈಗೆ ಸಿಕ್ಕ ತಿಂಗಳು ಮಾತ್ರ ಬೇರೆ.

ನಮ್ಮ ಊರ ಲೆಕ್ಕದಲ್ಲಿ ಇದನ್ನ ಇಟ್ಟು ನೋಡಿ. ಮೇ–ಜೂನ್ ತಿಂಗಳಲ್ಲಿ ಬಿತ್ತನೆ ಬೀಜ, ಗೊಬ್ಬರ, ಸಾಲದ ಕಂತು, ಮನೆಯ ಎಲ್ಲ ಮಕ್ಕಳ ಪುಸ್ತಕ ಬಟ್ಟೆ ಎಲ್ಲಾ ಒಟ್ಟಿಗೆ ಬರುತ್ತೆ. ಪಿಯುಸಿ ಅಡ್ಮಿಷನ್ ಬರೋದೂ ಆಗಲೇ. ಆ ತಿಂಗಳಲ್ಲಿ ಕೈಗೆ ಬರೋ 5,000 ರೂಪಾಯಿ, ಎರಡು ವರ್ಷ ಬಿಟ್ಟು ಬರೋ ದೊಡ್ಡ ಮೊತ್ತಕ್ಕಿಂತ ಅಡ್ಮಿಷನ್ ವಿಷಯದಲ್ಲಿ ಹೆಚ್ಚು ತೂಗಬಹುದು. 34,751 ರೂಪಾಯಿಯನ್ನ 18 ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 160 ರೂಪಾಯಿ. 1,00,097 ರೂಪಾಯಿ ಆದ್ರೆ ತಿಂಗಳಿಗೆ ಸುಮಾರು 463. ಕೇಳೋಕೆ ಸಣ್ಣದು. ಸರಿಯಾದ ಜೂನ್‌ನಲ್ಲಿ ಬಂದ್ರೆ ಸಣ್ಣದಲ್ಲ.

ಷರತ್ತು ಹಾಕಿದರೆ ಯಾರು ಹೊರಗೆ ಬೀಳ್ತಾರೆ?

"ಹಾಗಾದ್ರೆ ಗಟ್ಟಿ ಷರತ್ತು ಹಾಕಿ, ಕಾಲೇಜಿಗೆ ಹೋದ್ರೆ ಮಾತ್ರ ದುಡ್ಡು ಅನ್ನಿ" ಅಂತ ನಿಮಗೆ ಅನ್ನಿಸಬಹುದು. ಆಫ್ರಿಕಾದ ಮಲಾವಿ ದೇಶದ ಜೊಂಬಾ ಜಿಲ್ಲೆಯಲ್ಲಿ 2008–09ರಲ್ಲಿ ಇದನ್ನೇ ನೋಡಿದರು. 13ರಿಂದ 22 ವರ್ಷದ, ಮದುವೆಯಾಗದ ಹುಡುಗಿಯರು. ಕೆಲವರಿಗೆ 80 ಪರ್ಸೆಂಟ್ ಹಾಜರಾತಿ ಇದ್ದರೆ ಹಣ, ಕೆಲವರಿಗೆ ಷರತ್ತಿಲ್ಲದೆ ಹಣ, ಉಳಿದವರಿಗೆ ಇಲ್ಲ. ಶಾಲೆ ಬಿಡೋದನ್ನ ತಡೆಯೋದರಲ್ಲಿ ಷರತ್ತಿನ ಹಣವೇ ಗೆದ್ದಿತು. ಆದ್ರೆ ಚಿಕ್ಕ ವಯಸ್ಸಿನ ಮದುವೆ ಮತ್ತು ಬಸಿರು ಕಮ್ಮಿ ಆಗಿದ್ದು ಷರತ್ತಿಲ್ಲದ ಗುಂಪಿನಲ್ಲಿ. ಯಾಕಂದ್ರೆ ಷರತ್ತಿನ ಗುಂಪಲ್ಲಿ ಶಾಲೆ ಬಿಟ್ಟ ಹುಡುಗಿಗೆ ಹಣವೂ ನಿಂತುಹೋಯ್ತು. ಅತಿ ಹೆಚ್ಚು ಕಷ್ಟದಲ್ಲಿದ್ದವಳೇ ಎರಡನ್ನೂ ಕಳೆದುಕೊಂಡಳು. ಇನ್ನೂ ಒಂದು ವಿಷಯ. ಯೋಜನೆ ನಿಂತು ಎರಡು ವರ್ಷದ ಮೇಲೆ ನೋಡಿದಾಗ, ಷರತ್ತಿಲ್ಲದ ಹಣದಿಂದ ಮದುವೆ ಮುಂದೆ ಹೋಗಿದ್ದ ಲಾಭ ಅಳಿಸಿಹೋಗಿತ್ತು.

ಕರ್ನಾಟಕದಲ್ಲಿ ಷರತ್ತಿಲ್ಲದ ಹಣ ಈಗಾಗಲೇ ಇದೆ. 2023ರ ಆಗಸ್ಟ್ 30ರಂದು ಮೈಸೂರಲ್ಲಿ ಚಾಲನೆ ಸಿಕ್ಕ ಗೃಹಲಕ್ಷ್ಮಿ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಅದಕ್ಕೆ ಓದಿನ ಹೆಸರಿಲ್ಲ, ಹಾಗಂತ ಅದರಲ್ಲಿ ಮಗಳ ಫೀಸು ಕಟ್ಟೋ ತಾಯಂದಿರು ಇಲ್ಲ ಅಂತಲ್ಲ. ಷರತ್ತಿರೋ ಹಣ, ಇಲ್ಲದ ಹಣ ಎರಡೂ ಬೇಕು, ಬೇರೆ ಬೇರೆ ಹುಡುಗಿಯರಿಗೆ. ಇದೇ ಮಲಾವಿಯ ಪಾಠ.

ಬಸ್ಸು, ಸೈಕಲ್ಲು, ಕೆಲಸ

ಹಣ ಕೈಲಿದ್ದರೂ ಕಾಲೇಜು ದೂರ ಇದ್ದರೆ? ಬಿಹಾರದಲ್ಲಿ 2006ರಲ್ಲಿ 9ನೇ ತರಗತಿಗೆ ಸೇರೋ ಹುಡುಗಿಯರಿಗೆ ಸೈಕಲ್ ಕೊಳ್ಳೋಕೆ 2,000 ರೂಪಾಯಿ ಕೊಡೋಕೆ ಶುರು ಮಾಡಿದರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಇದನ್ನ ಅಳೆದ ರೀತಿ ಚೆನ್ನಾಗಿದೆ. ಹುಡುಗಿಯರನ್ನ ಸೈಕಲ್ ಸಿಗದ ಹುಡುಗರ ಜೊತೆ, ಬಿಹಾರವನ್ನ ಪಕ್ಕದ ಜಾರ್ಖಂಡ್ ಜೊತೆ ಹೋಲಿಸಿದರು. ಹೈಸ್ಕೂಲಿಗೆ ಸೇರೋ ಹುಡುಗಿಯರ ಪ್ರಮಾಣ ಶೇ 32ರಷ್ಟು ಹೆಚ್ಚಿತ್ತು, ಹುಡುಗ–ಹುಡುಗಿಯರ ಅಂತರ ಶೇ 40ರಷ್ಟು ಕಮ್ಮಿ ಆಗಿತ್ತು. ಹೈಸ್ಕೂಲ್ 3 ಕಿಲೋಮೀಟರಿಗಿಂತ ದೂರ ಇದ್ದ ಊರುಗಳಲ್ಲೇ ಈ ಬದಲಾವಣೆ ಹೆಚ್ಚು. ಅಂದ್ರೆ ಕೆಲಸ ಮಾಡಿದ್ದು ಸೈಕಲ್ಲೇ.

ನಮ್ಮಲ್ಲೂ 2006–07ರಿಂದ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡ್ತಿದ್ದರು. ಕೋವಿಡ್ ಸಮಯದಲ್ಲಿ ಅದು ನಿಂತಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ. ಗುಂಡ್ಲುಪೇಟೆಗೋ ಚಾಮರಾಜನಗರಕ್ಕೋ ಓದೋಕೆ ಹೋಗೋ ಹುಡುಗಿಗೆ ಟಿಕೆಟ್ ಚಿಂತೆ ಹೋಯ್ತು. ಉಳಿದಿರೋದು ಬಸ್ಸಿನ ಟೈಮಿಂಗ್. ಸಂಜೆ ಕೊನೇ ಕ್ಲಾಸು ಮುಗಿದ ಮೇಲೆ ಊರಿಗೆ ಬಸ್ ಇಲ್ಲ ಅಂದ್ರೆ, ಟಿಕೆಟ್ ಉಚಿತ ಆದ್ರೂ ಅಪ್ಪ ಕಳಿಸಲ್ಲ.

ಈ ಲೇಖನ ಆಫೀಸ್ ಕ್ಯಾಬಿನಲ್ಲೋ ಮೆಟ್ರೋದಲ್ಲೋ ಓದ್ತಿರೋ ನಿಮಗೆ ಸಂಬಂಧಪಟ್ಟ ಒಂದು ಅಧ್ಯಯನವೂ ಇದೆ. ರಾಬರ್ಟ್ ಜೆನ್ಸನ್ ಅನ್ನೋ ಅರ್ಥಶಾಸ್ತ್ರಜ್ಞ ಉತ್ತರ ಭಾರತದ ಕೆಲವು ಹಳ್ಳಿಗಳನ್ನ ಚೀಟಿ ಎತ್ತಿದ ಹಾಗೆ ಆರಿಸಿ, ಅಲ್ಲಿನ ಯುವತಿಯರಿಗೆ ಬಿಪಿಓ ಕೆಲಸಗಳ ಬಗ್ಗೆ ಹೇಳಿ, ಅರ್ಜಿ ಹಾಕೋಕೆ ನೆರವಾಗೋ ನೇಮಕಾತಿ ಸೇವೆಯನ್ನ ಮೂರು ವರ್ಷ ಕಳಿಸಿದರು. ಹಣ ಕೊಡಲಿಲ್ಲ. ಆ ಹಳ್ಳಿಗಳ ಯುವತಿಯರಲ್ಲಿ ಮದುವೆ ಮುಂದಕ್ಕೆ ಹೋಯ್ತು, ಚಿಕ್ಕ ಹುಡುಗಿಯರು ಶಾಲೆಯಲ್ಲಿ ಉಳಿಯೋದು ಹೆಚ್ಚಾಯ್ತು. "ಓದಿದ್ರೆ ಏನ್ ಸಿಗ್ತದೆ" ಅನ್ನೋದಕ್ಕೆ ಕಣ್ಣೆದುರಿಗೆ ಉತ್ತರ ಇದ್ದರೆ ಅಪ್ಪ ಅಮ್ಮನ ಲೆಕ್ಕ ತಾನಾಗೇ ಬದಲಾಗುತ್ತೆ.

ನಮ್ಮ ಪರೀಕ್ಷೆ ನಮ್ಮಲ್ಲೇ ಇದೆ

ಹೊಸ ಪ್ರಯೋಗಕ್ಕೆ ಕೋಟಿಗಟ್ಟಲೆ ಖರ್ಚು ಮಾಡಬೇಕಿಲ್ಲ. ಭಾಗ್ಯಲಕ್ಷ್ಮಿಯ ದಿನಾಂಕಗಳೇ ಒಂದು ಎ/ಬಿ ಟೆಸ್ಟ್. 2006ರ ಮಾರ್ಚ್‌ನಲ್ಲಿ ಹುಟ್ಟಿದವಳಿಗೆ ಬಾಂಡ್ ಇಲ್ಲ, ಏಪ್ರಿಲ್‌ನಲ್ಲಿ ಹುಟ್ಟಿದವಳಿಗೆ ಇದೆ. ಇಬ್ಬರದೂ ಒಂದೇ ಊರು, ಒಂದೇ ಬಡತನ. ಹಾಗೇ 2008ರ ಜುಲೈನಲ್ಲಿ ಹುಟ್ಟಿದವಳಿಗೆ ಪ್ರತಿ ವರ್ಷ ಸಣ್ಣ ವಿದ್ಯಾರ್ಥಿವೇತನ, ಕೊನೆಗೆ 34 ಸಾವಿರ ಚಿಲ್ಲರೆ. ಆಗಸ್ಟ್‌ನಲ್ಲಿ ಹುಟ್ಟಿದವಳಿಗೆ ನಡುವೆ ಏನೂ ಇಲ್ಲ, ಕೊನೆಗೆ ಒಂದು ಲಕ್ಷ. ಈ ಗೆರೆಯ ಆಚೀಚೆ ಇರೋ ಹುಡುಗಿಯರಲ್ಲಿ ಎಷ್ಟು ಜನ ಎಸ್‌ಎಸ್‌ಎಲ್‌ಸಿ ಮುಗಿಸಿದರು, ಎಷ್ಟು ಜನ ಪಿಯುಸಿ ಸೇರಿದರು ಅಂತ ಹೋಲಿಸಿದರೆ ಸಾಕು. ಶಿಕ್ಷಣ ಇಲಾಖೆಯ ಎಸ್‌ಎಟಿಎಸ್ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗಳ ದಾಖಲೆ ಇದೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಬಾಂಡಿನ ದಾಖಲೆ ಇದೆ. ಹೆಸರು ಅಳಿಸಿ ಎರಡು ಟೇಬಲ್ ಜೋಡಿಸೋ ಕೆಲಸ. ನಾವು ದಿನಾ ಮಾಡೋದು ಅದನ್ನೇ ತಾನೇ?

ಉತ್ತರ ಏನೇ ಬರಲಿ, ಯೋಜನೆ ನಿಲ್ಲಿಸಿ ಅಂತ ಹೇಳೋಕಲ್ಲ ಇದು. ಮಗಳು ಹುಟ್ಟಿದಾಗ ಸರ್ಕಾರದಿಂದ ಅವಳ ಹೆಸರಲ್ಲಿ ಒಂದು ಕಾಗದ ಬಂತು ಅನ್ನೋದಕ್ಕೆ ಅದರದೇ ಗೌರವ ಇದೆ. ಅದೇ ಹಣದ ಒಂದು ಭಾಗವನ್ನ 9, 11ನೇ ತರಗತಿಗೆ ಮತ್ತು ಡಿಗ್ರಿ ಮೊದಲ ವರ್ಷಕ್ಕೆ ಸೇರೋ ಜೂನ್‌ಗೆ ತರೋಕೆ ಆಗುತ್ತಾ ಅನ್ನೋದು ಪ್ರಶ್ನೆ.

ಈಗ ಮನೆಯಲ್ಲಿ ಮಾಡಬಹುದಾದದ್ದು

ನಿಮ್ಮ ತಂಗಿ, ಅಕ್ಕನ ಮಗಳು, ಅಪ್ಪ ಅಮ್ಮನ ಜೊತೆ ಹೊಲದಲ್ಲಿ ಕೆಲಸ ಮಾಡೋರ ಮಗಳು, ಯಾರಾದರೂ 2006ರ ನಂತರ ಹುಟ್ಟಿದವರಿದ್ದರೆ ಇಷ್ಟು ನೋಡಿ.

ಬಾಂಡಿನಲ್ಲಿರೋ ಹೆಸರು, ಹುಟ್ಟಿದ ದಿನಾಂಕ, ಆಧಾರ್ ಮತ್ತು ಅಂಕಪಟ್ಟಿಯಲ್ಲಿರೋದಕ್ಕೆ ಹೊಂದುತ್ತಾ? ಇಲ್ಲದಿದ್ದರೆ 18 ತುಂಬೋ ಮೊದಲೇ ಅಂಗನವಾಡಿಯಲ್ಲಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಬ್ಯಾಂಕ್ ಖಾತೆ ಹುಡುಗಿಯ ಹೆಸರಲ್ಲೇ ಇರಲಿ, ಎಟಿಎಂ ಕಾರ್ಡ್ ಅವಳ ಹತ್ರನೇ ಇರಲಿ.

ಯೋಜನೆಯ ನಿಯಮದಲ್ಲಿ ತುಂಬ ಜನ ಗಮನಿಸದ ಒಂದು ಸಾಲಿದೆ. 15 ವರ್ಷ ತುಂಬಿ, ಎಸ್‌ಎಸ್‌ಎಲ್‌ಸಿ ಪಾಸಾದ ಹುಡುಗಿ ಮುಂದೆ ಓದೋಕೆ ಬಾಂಡನ್ನ ಬ್ಯಾಂಕಿನಲ್ಲಿ ಅಡವಿಟ್ಟು 50,000 ರೂಪಾಯಿವರೆಗೆ ಸಾಲ ಪಡೀಬಹುದು. ಬೇಕಾದ ಜೂನ್‌ನಲ್ಲಿ ಹಣ ಬರೋ ದಾರಿ ಇದೊಂದೇ. ಬ್ಯಾಂಕಿನಲ್ಲಿ ಈ ನಿಯಮ ಹೇಳಿ ಕೇಳೋಕೆ ನಿಮ್ಮಂಥವರೊಬ್ಬರು ಜೊತೆಗೆ ಹೋದರೆ ಒಳ್ಳೇದು. ಸುಕನ್ಯಾ ಸಮೃದ್ಧಿ ಖಾತೆ ಇರೋ ಚಿಕ್ಕ ಮಕ್ಕಳ ಮನೆಯವರಿಗೆ: 10ನೇ ತರಗತಿ ಪಾಸಾದ ಮೇಲೆ ಅಥವಾ 18 ತುಂಬಿದ ಮೇಲೆ ಓದಿಗಾಗಿ ಅರ್ಧದಷ್ಟು ಹಣ ತೆಗೆಯೋಕೆ ಆ ಖಾತೆಯ ನಿಯಮ ಅವಕಾಶ ಕೊಡುತ್ತೆ.

ಬಾಂಡ್ ಒಂದನ್ನೇ ನಂಬಿ ಕೂರಬೇಡಿ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ ಹುಡುಗಿಗೆ 3,000, ಡಿಗ್ರಿಗೆ 5,500, ಎಂಜಿನಿಯರಿಂಗಿಗೆ 11,000 ರೂಪಾಯಿ ಅಂತ ನಿಗದಿಯಾಗಿತ್ತು. ಸರ್ಕಾರಿ ಶಾಲೆ ಕಾಲೇಜಲ್ಲೇ 10ನೇ ತರಗತಿ, ಪಿಯುಸಿ ಮುಗಿಸಿ ಡಿಗ್ರಿಗೋ ಡಿಪ್ಲೊಮಾಗೋ ಸೇರೋ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 30,000 ರೂಪಾಯಿ. ಅರ್ಜಿ ಆನ್‌ಲೈನ್. ಹಳ್ಳಿಯಲ್ಲಿ ಸರ್ವರ್ ಕಾಯ್ತಾ ಕೂತಿರೋ ಹುಡುಗಿಗೆ ಒಂದು ಭಾನುವಾರ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅರ್ಧ ಗಂಟೆ ಕೊಡಿ.

ಇನ್ನು ಒಂದು ಮಾತು, ದುಡ್ಡು ಖರ್ಚಾಗದ್ದು. ಮನೆಯಲ್ಲಿ ಬಾಂಡ್ ಮಾತು ಬಂದಾಗ ಅದನ್ನ "ಕಾಲೇಜು ದುಡ್ಡು" ಅಂತ ಕರೆಯೋಕೆ ಶುರು ಮಾಡಿ. 18 ತುಂಬಿದ ದಿನವಲ್ಲ, ಅವಳು 9ನೇ ತರಗತಿಯಲ್ಲಿ ಇರುವಾಗಲೇ.